ನೀಲಿ ಫೈಲಿನ ನಾಲ್ಕನೇ ಪ್ರಶ್ನೆ

ಅಕ್ಟೋಬರ್ 17, ಬೆಳಿಗ್ಗೆ 6.40

ಲೈಬ್ರರಿಯಲ್ಲಿ ಸೀಟು ಹಂಚುವ ಯಂತ್ರದ ಮುಂದೆ ನನಗಿಂತ ಮೊದಲೇ ಹನ್ನೊಂದು ಜನ. ಸಿಕ್ಕಿದ್ದು ಮೂರನೇ ಮಹಡಿ, 214. ಕಿಟಕಿ ಇಲ್ಲ. ಪಕ್ಕದ ಸೀಟಿನಲ್ಲಿ ಮನುಷ್ಯರಿಲ್ಲ. ಒಂದು ಜಾಕೆಟ್, ಒಂದು ಟೂತ್‌ಬ್ರಷ್ ಕೂತು ಓದುತ್ತಿವೆ.

ಅವ್ವ ಊರಿಂದ ಒಣ ಕಡಲಪಾಚಿ ಕಳಿಸಿದ್ದಾಳೆ, ಎರಡು ಕಟ್ಟು. ರೂಮ್‌ಮೇಟ್ ಹನ್ನೂರಿ ನೋಡಿದ್ದೇ ತಡ, ಎರಡು ಬೆರಳಲ್ಲಿ ಎತ್ತಿ ಬಾಗಿಲಾಚೆ ಇಟ್ಟಳು. ಪರೀಕ್ಷೆಯ ಹೊತ್ತಿನಲ್ಲಿ ಪಾಚಿ ಸೂಪು ಕುಡಿದರೆ ಜಾರಿ ಬೀಳುತ್ತಾರಂತೆ. ಫೇಲಂತೆ. ನಾನು ಪಾಚಿ ಬೆಳೆಯುವವರ ಮಗಳು, ಅದನ್ನೇ ತಿಂದು ಸಿಯೋಲ್‌ವರೆಗೆ ಬಂದೆ ಎಂದೆ.

"ಅದಕ್ಕೇ ಕೋಟಾದಲ್ಲಿ ಬರ್ಬೇಕಾಯ್ತು" ಎಂದು ನಕ್ಕಳು. ನಾನೂ ನಕ್ಕೆ. ಯಾಕೆ ನಕ್ಕೆ?

ಮರೆಯದಿರಲಿ ಎಂದು ಬರೆದಿಡುತ್ತೇನೆ. ಉಷ್ಣಶಾಸ್ತ್ರದಲ್ಲಿ ಬಿ ಬರದಿದ್ದರೆ ಮುಂದಿನ ವರ್ಷ ಹಾಸ್ಟೆಲ್ ಕೋಣೆ ಇಲ್ಲ. ಕೋಣೆ ಇಲ್ಲವೆಂದರೆ ಈ ನಗರವೇ ಇಲ್ಲ. ದ್ವೀಪಕ್ಕೆ ವಾಪಸ್, ಅಪ್ಪನ ದೋಣಿಗೆ.

ನಲವತ್ತು ಜನರ ಕ್ಲಾಸು. ಹನ್ನೆರಡು ಎ, ಹದಿನಾರು ಬಿ. ನಲವತ್ತೂ ಜನ ನೂರಕ್ಕೆ ನೂರು ತೆಗೆದರೂ ಹನ್ನೆರಡು ಜನ ಕೆಳಗೆ ಬೀಳಲೇಬೇಕು. ಹತ್ತಲಿಕ್ಕಲ್ಲ, ಬೀಳಿಸಲಿಕ್ಕೇ ಕಟ್ಟಿದ ಏಣಿ. ಇದಕ್ಕೆ ಇವರು ಇಟ್ಟ ಹೆಸರು ಪ್ರತಿಭೆ.

ಅಕ್ಟೋಬರ್ 24, ಮಧ್ಯಾಹ್ನ

ಪರೀಕ್ಷೆ ಮುಗಿಯಿತು. ಎರಡು ಗಂಟೆಯ ಪೇಪರು. ಮೂವತ್ತೈದನೇ ನಿಮಿಷಕ್ಕೆ ಮೊದಲ ಕುರ್ಚಿ ಸರಿದ ಸದ್ದು. ಆಮೇಲೆ ಒಂದರ ಹಿಂದೆ ಒಂದು. ಐವತ್ತನೇ ನಿಮಿಷಕ್ಕೆ ಅರ್ಧ ಹಾಲ್ ಖಾಲಿ. ಹನ್ನೂರಿಯೂ ಹೋದಳು, ನನ್ನತ್ತ ನೋಡದೆ.

ನಾಲ್ಕನೇ ಪ್ರಶ್ನೆ ಪುಸ್ತಕದಲ್ಲಿಲ್ಲದ್ದು. ಇಪ್ಪತ್ತೈದು ಅಂಕ. ವಿದ್ಯುತ್ ಸ್ಥಾವರ. ಟರ್ಬೈನು ಕೊಡುವುದೆಷ್ಟು, ನೀರು ತಳ್ಳುವ ಪಂಪು ತಿನ್ನುವುದೆಷ್ಟು, ಕೊನೆಗೆ ಕೈಗೆ ಉಳಿಯುವುದೆಷ್ಟು? ಟರ್ಬೈನಿಗೆ ಅರವತ್ತು ಬಂತು, ಪಂಪಿಗೆ ಮೂರು. ಅಷ್ಟಕ್ಕೇ ಎರಡು ಪುಟದ ಲೆಕ್ಕ. ಅರವತ್ತರಲ್ಲಿ ಮೂರು ಕಳೆದೆ. ಐವತ್ತೇಳು. ಅದೊಂದಕ್ಕೇ ನನಗೆ ನಲವತ್ತು ನಿಮಿಷ ಹಿಡಿಯಿತು.

ಅವರಿಗೆ ಹೇಗೆ ಅಷ್ಟು ಬೇಗ? ಹೊಟ್ಟೆಕಿಚ್ಚಲ್ಲ. ನಿಜಕ್ಕೂ ತಿಳಿಯಬೇಕು. ಅಷ್ಟು ಬೇಗ ಬರೆಯಲು ಕೈಯಾದರೂ ಓಡುವುದು ಹೇಗೆ?

ನವೆಂಬರ್ 6

ನಾಲ್ಕನೇ ಪ್ರಶ್ನೆಗೆ ಸೊನ್ನೆ.

ಸಿ. ಈಗಿನ ಲೆಕ್ಕಕ್ಕೆ ಸಿ.

ಉತ್ತರವನ್ನು ಆರು ಸಲ ತಿರುಗಿ ಮಾಡಿದೆ. ಆರು ಸಲವೂ ಐವತ್ತೇಳು.

ನವೆಂಬರ್ 7, ಸಂಜೆ 5

ಜೇಹಾ ಹತ್ತಿರ ಹೋಗಿ ಬಂದೆ. ಪೇಪರು ತಿದ್ದುವ ಅಸಿಸ್ಟೆಂಟ್. ಇದೇ ವಿಭಾಗದ ಹಳೇ ವಿದ್ಯಾರ್ಥಿ, ಎರಡು ಸಾವಿರದ ಹನ್ನೊಂದರ ಬ್ಯಾಚು. ಈಗ ಪಿಎಚ್‌ಡಿ. ಕೂರಿಸಿದ, ಕಾಫಿ ಕೊಟ್ಟ. ಒಳ್ಳೆಯವನೇ. ಒಳ್ಳೆಯವರ ಮುಂದೆ ಜಗಳ ತೆಗೆಯುವುದು ಕಷ್ಟ.

"ಮೂವತ್ತೊಂದು ಜನ ಅರವತ್ಮೂರು ಬರ್ದಿದಾರೆ. ನೀನೊಬ್ಳೇ ಐವತ್ತೇಳು. ಸ್ವಲ್ಪ ಯೋಚ್ನೆ ಮಾಡಮ್ಮ."

"ಪಂಪು ತಿನ್ನತ್ತೆ ಸರ್, ಕೊಡಲ್ಲ. ಕಳೀಬೇಕು. ಅವ್ರೆಲ್ಲ ಕೂಡ್ಸಿದಾರೆ."

"ಮೂವತ್ತೊಂದು ಜನಾನೂ ತಪ್ಪಾ?"

ಅವನು ನನ್ನ ರೋಲ್ ನಂಬರ್ ನೋಡಿದ. ದನಿ ಇನ್ನೂ ಮೆತ್ತಗಾಯಿತು. "ಗ್ರಾಮೀಣ ಕೋಟಾ ಅಲ್ವಾ? ಬೇಸಿಕ್ಸ್ ಸ್ವಲ್ಪ ವೀಕ್ ಇರತ್ತೆ. ತಪ್ಪೇನಿಲ್ಲ ಬಿಡು."

ನಮ್ಮ ಮನೆ ಹಿತ್ತಲಲ್ಲಿ ಸಮುದ್ರದ ನೀರೆತ್ತುವ ಪಂಪು ಎರಡಿವೆ. ಒಂದೂ ಈವರೆಗೆ ನಮಗೆ ಕರೆಂಟು ಕೊಟ್ಟಿಲ್ಲ. ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಹೊಳೆಯಿತು. ಯಾವಾಗಲೂ ಹಾಗೇ, ಮೆಟ್ಟಿಲ ಮೇಲೆ.

ಆದರೆ... ಮೂವತ್ತೊಂದು ಜನಕ್ಕೆ ಒಂದೇ ತಪ್ಪು? ಒಬ್ಬರು ಜಾರಬಹುದು. ಒಂದೇ ಕಲ್ಲಿನ ಮೇಲೆ ಮೂವತ್ತೊಂದು ಕಾಲು ಜಾರುತ್ತವೆಯೇ?

ನವೆಂಬರ್ 8, ಮಧ್ಯಾಹ್ನ

ಹನ್ನೂರಿಯನ್ನು ಕೇಳಿಬಿಟ್ಟೆ. ಬಾಗಿಲ ಚಿಲಕ ಹಾಕಿದಳು. ಹಾಸಿಗೆಯ ಕೆಳಗಿನಿಂದ ನೀಲಿ ಫೈಲು ತೆಗೆದಳು.

ವಂಶಾವಳಿ ಅನ್ನುತ್ತಾರೆ ಇದಕ್ಕೆ. ಹೆಸರು ಕೇಳಿದ್ದೆ, ಕಂಡದ್ದು ಇವತ್ತೇ. ಪ್ರೊಫೆಸರ್ ಸೋನ್ ಅವರ ಏಳೆಂಟು ವರ್ಷದ ಪ್ರಶ್ನೆಗಳು, ಪಕ್ಕದಲ್ಲಿ ಬಿಡಿಸಿದ ಉತ್ತರ. ಪ್ರಶ್ನೆಗಳು ಎರಡು ವರ್ಷಕ್ಕೊಮ್ಮೆ ತಿರುಗಿ ಬರುತ್ತವೆ, ಅಂಕಿಯೂ ಬದಲಾಗದೆ. ಸೀನಿಯರ್‌ನಿಂದ ಜೂನಿಯರ್‌ಗೆ ಕೈಬದಲು, ಉಳಿದವರಿಗೆ ಅದರ ಜೆರಾಕ್ಸ್. ಎಲ್ಲರಿಗೂ ಇಲ್ಲ. ಮಾರ್ಚ್‌ನಿಂದ ಒಂದು ಕುಡಿತದ ಕೂಟವನ್ನೂ ತಪ್ಪಿಸದವರಿಗೆ ಮಾತ್ರ.

ಹನ್ನೂರಿಗೆ ಮದ್ಯ ಆಗುವುದಿಲ್ಲ. ಬಚ್ಚಲಿಗೆ ಹೋಗಿ ಕಕ್ಕುತ್ತಾಳೆ, ಮುಖ ತೊಳೆದು ವಾಪಸ್ ಹೋಗಿ ಕೂರುತ್ತಾಳೆ, ಹಿರಿಯರ ಲೋಟಕ್ಕೆ ಎರಡೂ ಕೈಯಲ್ಲಿ ಬಗ್ಗಿಸುತ್ತಾಳೆ. ಅವಳ ಸಂಕಟ ಗೊತ್ತಿತ್ತು. ಅದು ಯಾತಕ್ಕೆಂದು ಗೊತ್ತಿರಲಿಲ್ಲ.

"ನಿನ್ನನ್ನ ಯಾರೂ ಕರೀಲಿಲ್ವಾ?" ಎಂದಳು.

ಒಂದು ಸಲ ಕರೆದಿದ್ದರು. ಹೋಗಿದ್ದೆ. ಗ್ರಾಮೀಣ ಹುಳುಗಳಿಗೆ ಹೆಂಡ ತಡೆಯುತ್ತದೋ ನೋಡೋಣ ಎಂದು ಒಬ್ಬ ಲೋಟ ಚಾಚಿದ್ದ. ಕೋಟಾದವರಿಗೆ ಇಲ್ಲಿ ಅದೇ ಹೆಸರು, ಹುಳು. ಎದ್ದು ಬಂದೆ. ಅವತ್ತಿನಿಂದ ಕ್ಯಾಂಟೀನಿನಲ್ಲಿ ಗೋಡೆಗೆ ಮುಖ ಮಾಡಿದ ಒಂಟಿ ಸೀಟು. ಹನ್ನೂರಿಗೆ ಇದು ಇವತ್ತೇ ಹೇಳಿದ್ದು.

ನಾಲ್ಕನೇ ಪ್ರಶ್ನೆಯ ಪುಟ ತೆಗೆದೆವು. ಅರವತ್ತು ಕೂಡಿಸು ಮೂರು. ಅರವತ್ಮೂರು. ನೀಟಾದ ಅಕ್ಷರ. ಆ ಅಕ್ಷರ ಎಲ್ಲೋ ಕಂಡಿದ್ದೇನೆ. ನನ್ನ ಉತ್ತರಪತ್ರಿಕೆ ತಂದು ಪಕ್ಕದಲ್ಲಿಟ್ಟೆ. ಕೆಂಪು ಶಾಯಿಯ ಸೊನ್ನೆ, ಪಕ್ಕದಲ್ಲಿ '63' ಎಂಬ ತಿದ್ದು. ಆರರ ಬಾಲ, ಮೂರರ ಹೊಟ್ಟೆ... ಒಂದೇ ಕೈ.

ಜೇಹಾ.

ತಾನೇ ಬರೆದಿಟ್ಟ ಉತ್ತರದಿಂದ ತಾನೇ ತಿದ್ದುತ್ತಾನೆ. ಪ್ರೊಫೆಸರ್ ಪೇಪರು ನೋಡುವುದಿಲ್ಲ. ಎಷ್ಟು ವರ್ಷದಿಂದ ಈ ಪಂಪು ತಿನ್ನದೆ ಕೊಡುತ್ತಿದೆ? ಒಬ್ಬರೂ ಕೇಳಲಿಲ್ಲವೇ? ದೇಶದ ಬುದ್ಧಿವಂತರನ್ನೆಲ್ಲ ಸೋಸಿ ತಂದ ಜಾಗವಂತೆ ಇದು.

ನವೆಂಬರ್ 9, ಬೆಳಿಗ್ಗೆ

ಹನ್ನೂರಿ ಸ್ನಾನಕ್ಕೆ ಹೋದಾಗ ಫೈಲಿನ ಹಿಂದಿನ ರಟ್ಟು ನೋಡಿದೆ. ಕೈಗೆ ಬಂದವರೆಲ್ಲ ಹೆಸರು ಬರೆದಿದ್ದಾರೆ, ಬ್ಯಾಚಿನ ಸಂಖ್ಯೆ ಸಮೇತ. ಕೊನೆಯ ಹೆಸರು ಹನ್ನೂರಿಯದು. ಜೇಹಾ ಎರಡನೆಯವನು. ಮೊದಲನೆಯದರ ಮೇಲೆ ವೈಟ್ನರ್ ಬಳಿದಿದೆ.

ಎರಡನೆಯವನೇ ಹೀಗಾದರೆ ಮೊದಲನೆಯವರು ಯಾರು?

ಕಿಟಕಿಯ ಬೆಳಕಿಗೆ ಹಿಡಿದೆ. ರಟ್ಟು ದಪ್ಪ. ಉಗುರಲ್ಲಿ ಕೆರೆದೆ. ಬಿಳಿ ಚಕ್ಕೆ ಉದುರಿತು. ಹನ್ನೊಂದರ ಬ್ಯಾಚು, ಪ್ಯೋ ಹೇಸುನ್. ಹೆಣ್ಣು ಹೆಸರು.

ಹಳೆಯ ವಿದ್ಯಾರ್ಥಿಗಳ ಪುಸ್ತಕದಲ್ಲಿ ಇಲ್ಲ. ಕಾರಿಡಾರಿನಲ್ಲಿ ತೂಗುಹಾಕಿದ ಆ ಬ್ಯಾಚಿನ ಗ್ರೂಪ್ ಫೋಟೋದಲ್ಲಿ ಇದ್ದಾಳೆ, ಕೆಳಗೆ ಹೆಸರಿದೆ. ಕೊನೆಯ ಸಾಲು, ತುದಿ. ಪಕ್ಕದವನಿಗೂ ಅವಳಿಗೂ ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ.

ಆ ಜಾಗ ನನಗೆ ಗೊತ್ತು.

ನವೆಂಬರ್ 12, ಮಧ್ಯಾಹ್ನ 1.20

ಹೇಸುನ್ ನಂಬರ್ ಸಿಕ್ಕಿತು. ದಕ್ಷಿಣದ ದ್ವೀಪಗಳಿಂದ ಬಂದ ವಿದ್ಯಾರ್ಥಿಗಳ ಸಂಘವೊಂದಿದೆ, ವರ್ಷಕ್ಕೊಮ್ಮೆ ಸೇರಿ ಮೀನು ಸುಡುವ ಸಂಘ. ಅದರ ಹಳೇ ಪಟ್ಟಿಯಲ್ಲಿ ಇತ್ತು. ಈಗ ಮೊಕ್ಪೋದಲ್ಲಿ ಟ್ಯೂಷನ್ ಸೆಂಟರಿನಲ್ಲಿ ಗಣಿತ ಹೇಳುತ್ತಾಳೆ. ಮೂರನೇ ವರ್ಷಕ್ಕೆ ಬಿಟ್ಟು ಹೋದವಳು.

ಫೋನ್ ಮಾಡಿ ನನ್ನ ಹೆಸರು ಹೇಳಿದೆ. ಯಾವ ದ್ವೀಪ ಎಂದು ಕೇಳಿದಳು. ಹೇಳಿದ ಮೇಲೆ ಅವಳ ಮಾತು ಊರಿನದಾಯಿತು. ನನ್ನದೂ ಆಯಿತು. ಎರಡು ವರ್ಷದಿಂದ ನಾಲಿಗೆ ಕಟ್ಟಿಕೊಂಡಿದ್ದೆ ಎಂದು ಆಗ ಗೊತ್ತಾಯಿತು.

ಫೈಲಿನ ನೋಟ್ಸು ಮೂಲದಲ್ಲಿ ತನ್ನದೇ ಎಂದಳು. ಜೊತೆಗೆ ಓದಲು ಯಾರೂ ಕರೆಯುತ್ತಿರಲಿಲ್ಲ, ಒಬ್ಬಳೇ ಕೂತು ಹಳೇ ಪ್ರಶ್ನೆಗಳನ್ನೆಲ್ಲ ಬಿಡಿಸಿದ್ದು. ಜೇಹಾ ಒಂದು ದಿನ ಕೇಳಿದನಂತೆ, ನೋಟ್ಸು ಕೊಡು, ನಮ್ಮ ಟೇಬಲ್ಲಿಗೆ ಬಾ, ಒಟ್ಟಿಗೆ ಊಟ ಮಾಡೋಣ ಎಂದು. ಕೊಟ್ಟಳು. ಅವನು ರಟ್ಟಿನ ಮೇಲೆ ಮೊದಲು ಅವಳ ಹೆಸರು ಬರೆಸಿಕೊಂಡ, ಊಟ ಮಾಡುತ್ತಲೇ ಕಾಪಿ ಮಾಡಿದ. ಒಂದು ಕೈಯಲ್ಲಿ ಚಮಚ, ಒಂದು ಕೈಯಲ್ಲಿ ಪೆನ್ನು.

"ಕಳೆಯೋದ ಕೂಡ್ಸಿ ಬರ್ದ. ಎದುರಿಗೇ ಕೂತಿದ್ದೆ. ಕಣ್ಣಾರೆ ನೋಡ್ದೆ."

"ಹೇಳ್ಲಿಲ್ವಾ ಅಕ್ಕಾ?"

ಅವಳ ಹಿಂದೆ ಮಕ್ಕಳು ಮಗ್ಗಿ ಹೇಳುವುದು ಕೇಳುತ್ತಿತ್ತು.

"ಹೇಳಿದ್ರೆ ಟೇಬಲ್ ಹೋಗ್ತಿತ್ತು ಕಣವ್ವ. ಮತ್ತೆ ಒಬ್ಳೇ ಉಣ್ಬೇಕಿತ್ತು. ಹೇಳ್ಲಿಲ್ಲ. ಹೇಳ್ದಿದ್ರೂ ಮುಂದಿನ್ ತಿಂಗ್ಳು ಒಬ್ಳೇ ಉಂಡೆ."

ತನ್ನ ಹಳೇ ಪುಸ್ತಕದ ಆ ಪುಟದ ಫೋಟೋ ಕಳಿಸಿದಳು. ಅರವತ್ತು, ಕಳೆ, ಮೂರು. ಉದ್ದಕ್ಕೆ ಎಳೆದ ಗೆರೆ. ಐವತ್ತೇಳು.

ಫೋನ್ ಇಡುವ ಮುಂಚೆ ಪಾಚಿ ಸೂಪು ಈಗಲೂ ಕುಡೀತೀಯಾ ಎಂದು ಕೇಳಿದಳು. ರೂಮ್‌ಮೇಟ್ ಬಿಡುವುದಿಲ್ಲ ಎಂದೆ. ಎಷ್ಟೋ ಹೊತ್ತು ನಕ್ಕಳು.

ನವೆಂಬರ್ 13

ಗುರುವಾರ ಪ್ರೊಫೆಸರ್ ಸೋನ್ ವಿದ್ಯಾರ್ಥಿಗಳನ್ನು ನೋಡುವ ದಿನ. ಮಧ್ಯಾಹ್ನ ಎರಡಕ್ಕೆ. ತಕರಾರಿಗೆ ಕೊನೆಯ ದಿನವೂ ಅದೇ. ಅಸಿಸ್ಟೆಂಟನ್ನು ದಾಟಿ ಯಾರೂ ಹೋಗುವುದಿಲ್ಲ. ನಿಯಮ ಇಲ್ಲ. ರೂಢಿ ಇದೆ. ರೂಢಿಗೆ ಬೀಗ ಬೇಕಾಗುವುದಿಲ್ಲ.

ಹೋಗುತ್ತೇನೆ ಎಂದು ಹನ್ನೂರಿಗೆ ಹೇಳಿದೆ. ಫೈಲಿನ ಮಾತು ಎತ್ತುವುದಿಲ್ಲ, ಪಂಪಿನ ಲೆಕ್ಕ ಮಾತ್ರ ತೋರಿಸುತ್ತೇನೆ ಎಂದೆ.

ಮೂವತ್ತೊಂದು ಜನ ಒಂದೇ ತಪ್ಪು ಮಾಡಿದ್ದು ಹೇಗೆಂದು ಅವರು ಕೇಳದೆ ಬಿಡುತ್ತಾರೆಯೇ ಎಂದಳು. ಬಿಡುವುದಿಲ್ಲ. ನನಗೆ ಗೊತ್ತು. ಮೂವತ್ತೊಂದು ಜನಕ್ಕೂ ಇಪ್ಪತ್ತೈದು ಅಂಕ ಹೋಗುತ್ತದೆ, ಅವಳ ಎ ಹೋಗುತ್ತದೆ, ಫೈಲು ಯಾರು ತೋರಿಸಿದರೆಂದು ಹುಡುಕುತ್ತಾರೆ, ನನ್ನ ಜೊತೆ ಕೋಣೆಯಲ್ಲಿ ಇರುವವಳು ಅವಳೊಬ್ಬಳೇ... ಹೇಳುತ್ತಾ ಹೇಳುತ್ತಾ ಹನ್ನೂರಿಯ ದನಿ ಏರಿತು.

"ಎಂಟು ತಿಂಗ್ಳು ಕಕ್ಕಿ ಕಕ್ಕಿ ಸಂಪಾದ್ಸಿದೀನಿ ಕಣೇ ಅದನ್ನ. ನೀನು ಒಂದಿನ ಬಂದು ಕೂತ್ಯಾ? ಹುಳು ಹುಳೂನೇ."

ಅವಳ ಬಾಯಿಂದ.

ಇಬ್ಬರೂ ಆ ಮಾತಿನ ಕಡೆ ನೋಡುತ್ತಾ ನಿಂತೆವು, ನೆಲಕ್ಕೆ ಏನೋ ಬಿದ್ದು ಒಡೆದ ಹಾಗೆ.

ಹುಳು. ಸರಿ. ಹುಳು ಹೊಗದೆ ಯಾವ ಹಳೇ ಪುಸ್ತಕದ ಬಣ್ಣ ಬಯಲಾಗಿದೆ? ಮೀನುಗಾರರ ಧರಣಿಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಕೆಳಗೆ ಕೂತವರ ಮೇಲೆ ಕೂಗಬೇಡ, ಮೇಲೆ ಕೂತವರಿಗೆ ಕೇಳುವ ಹಾಗೆ ಕೂಗು ಅನ್ನುತ್ತಿದ್ದ. ಹನ್ನೂರಿ ಮೇಲೆ ಕೂತವಳಲ್ಲ. ಏಣಿಯ ಒಂದು ಮೆಟ್ಟಿಲು ಹಿಡಿದು ನೇತಾಡುತ್ತಿರುವವಳು. ಅವಳ ಮೇಲೆ ಕೂಗಲಿಲ್ಲ.

ಆದರೆ ಹೋಗುತ್ತೇನೆ.

ನವೆಂಬರ್ 15, ಬೆಳಿಗ್ಗೆ 8

ಗುರುವಾರ. ಇವತ್ತು ದೇಶದ ಹೈಸ್ಕೂಲ್ ಮಕ್ಕಳಿಗೆಲ್ಲ ಕಾಲೇಜು ಪ್ರವೇಶ ಪರೀಕ್ಷೆ. ಆಫೀಸುಗಳು ತಡವಾಗಿ ತೆರೆಯುತ್ತವೆ. ಮಧ್ಯಾಹ್ನ ಮಕ್ಕಳು ಇಂಗ್ಲಿಷ್ ಕೇಳಿ ಬರೆಯುವ ಹೊತ್ತಿಗೆ ವಿಮಾನಗಳೂ ಹಾರುವುದಿಲ್ಲ. ಹುಟ್ಟುಹಬ್ಬಕ್ಕೆ ಇಲ್ಲಿ ಪಾಚಿ ಸೂಪೇ ಶಾಸ್ತ್ರ, ಆದರೆ ಹುಟ್ಟುಹಬ್ಬವಿದ್ದರೂ ಇವತ್ತು ಯಾರ ಮನೆಯಲ್ಲೂ ಅದಿಲ್ಲ.

ನಾನು ಮಾಡಿದೆ. ಹಾಸ್ಟೆಲಿನ ಅಡುಗೆಕೋಣೆಯಲ್ಲಿ. ಅವ್ವನ ಪಾಚಿ ನೆನೆಸಿ, ಎಳ್ಳೆಣ್ಣೆಯಲ್ಲಿ ಬಾಡಿಸಿ, ಬೆಳ್ಳುಳ್ಳಿ ಹಾಕಿ. ವಾಸನೆ ಕಾರಿಡಾರಿಗೆಲ್ಲ ಹೋಯಿತು. ಯಾರೋ ಬಾಗಿಲು ತೆರೆದು ಬೈದು ಮುಚ್ಚಿಕೊಂಡರು.

ಹನ್ನೂರಿ ಎರಡು ದಿನದಿಂದ ಮಾತಾಡಿಲ್ಲ. ನಾನು ಕುಡಿಯುವುದನ್ನು ಹಾಸಿಗೆಯಿಂದ ನೋಡುತ್ತಿದ್ದಳು. ಎದ್ದಳು. ಎದುರಿಗೆ ಕೂತಳು. ಬಟ್ಟಲು ತನ್ನ ಕಡೆ ಎಳೆದುಕೊಂಡಳು. ಒಂದು ಚಮಚ. ಇನ್ನೊಂದು. ಕೊನೆಗೆ ಬಟ್ಟಲನ್ನೇ ಎತ್ತಿ ಕುಡಿದಳು.

"ಉಪ್ಪು ಜಾಸ್ತಿ" ಎಂದಳು.

ಅಷ್ಟೇ. ಕ್ಲಾಸಿಗೆ ಹೋದಳು.

ಮಧ್ಯಾಹ್ನ 1.50

ಪ್ರೊಫೆಸರ್ ಕೋಣೆಯ ಹೊರಗಿನ ಬೆಂಚು. ಕೂತಲ್ಲೇ ಬರೆಯುತ್ತಿದ್ದೇನೆ. ತೊಡೆಯ ಮೇಲೆ ಉತ್ತರಪತ್ರಿಕೆ, ಫೋನಿನಲ್ಲಿ ಹೇಸುನ್ ಅಕ್ಕನ ಪುಟ. ಜೇಹಾ ಎರಡು ಸಲ ಈ ದಾರಿಯಲ್ಲಿ ಹೋದ. ಎರಡನೇ ಸಲ ನಿಂತು, ಇಲ್ಯಾಕಮ್ಮ ಕೂತಿದೀಯ ಎಂದ. ಪಂಪಿನ ವಿಚಾರ ಎಂದೆ. ನಗು ಅರ್ಧಕ್ಕೆ ನಿಂತಿತು. ಅಂದರೆ ಗೊತ್ತಿತ್ತೇ ಅವನಿಗೆ? ಯಾವತ್ತಿನಿಂದ? ಇದೊಂದು ತಿಳಿಯದೆ ನಾನು ಸಾಯುವುದಿಲ್ಲ.

1.57. ಲಿಫ್ಟು ತೆರೆಯಿತು. ಹನ್ನೂರಿ. ಚೀಲ ಅಪ್ಪಿಕೊಂಡು ಬಂದಳು. ಬೆಂಚಿನ ಮೇಲೆ ನನಗೆ ಅಂಟಿ ಕೂತಳು, ನಡುವೆ ಯಾರೂ ನಿಲ್ಲಲಾಗದಷ್ಟು ಹತ್ತಿರ. ಚೀಲದ ಬಾಯಿಂದ ನೀಲಿ ಮೂಲೆ ಕಾಣುತ್ತಿದೆ. ವೈಟ್ನರ್ ಪೂರ್ತಿ ಕೆರೆದು ಹಾಕಿರಬೇಕು, ಅವಳ ಉಗುರ ಸಂದಿಯಲ್ಲಿ ಬಿಳಿ.

ಯಾಕೆ ಬಂದೆ ಎಂದೆ.

"ಮೂವತ್ತೊಂದು ಜನ ಹೇಗೆ ಅಂತ ಕೇಳಿದ್ರೆ ನೀನು ಏನ್ ಹೇಳ್ತಿದ್ದೆ? ನಿಂಗೆ ಸುಳ್ಳು ಹೇಳೋಕೆ ಬರಲ್ಲ."

ಎರಡು ಗಂಟೆ. ಪ್ರೊಫೆಸರ್ ಬಾಗಿಲು ತೆರೆದರು. ಇಬ್ಬರನ್ನೂ ನೋಡಿದರು, ಯಾರು ಮೊದಲು ಎಂದರು. ನಾನಿನ್ನೂ ಬರೆಯುತ್ತಿರುವಾಗಲೇ ಹನ್ನೂರಿ ಎದ್ದು ನಿಂತಳು, ನೀಲಿ ಫೈಲು ಚೀಲದಿಂದ ತೆಗೆದು ಕೈಯಲ್ಲಿ ಹಿಡಿದಳು.