ನಮ್ಮಿಬ್ಬರ ನಡುವಿನ ಬದು

ಬ್ರಿಟನಿ, ಮಾರ್ಚ್ 1965

ಸೊಯಾಜಿಗ್,

ಈ ಕಾಗದ ಕಳಿಸುವ ಮುಖ ನನಗಿಲ್ಲ. ನಿನ್ನನ್ನು ಆಸ್ಪತ್ರೆಗೆ ಒಯ್ದ ಮೇಲೆ ಸರ್ಕಾರದ ಬುಲ್‌ಡೋಜರ್ ನಮ್ಮಿಬ್ಬರ ಹೊಲಗಳ ನಡುವಿನ ಆಳೆತ್ತರದ ಬದುವನ್ನು ಸೇಬಿನ ಮರಗಳ ಸಮೇತ ಕೆಡವಿತು. ದೊಡ್ಡ ಟ್ರ್ಯಾಕ್ಟರ್ ತಿರುಗಲು ಜಾಗ ಬೇಕಂತೆ.

“ನನ್ನಜ್ಜ ನೆಟ್ಟ ಮರ ಕಣೋ, ಮುಟ್ಟಿದ್ರೆ ಸಿಗಿದ್ಹಾಕ್ತೀನಿ!” ಎಂದು ನಿನ್ನ ಗಂಡ ಅಡ್ಡ ನಿಂತ.

“ಅದರ ಹುಳಿ ಕಾಯಿ ನಿನ್ನ ಹಂದಿಗೆ ಹಾಕ್ಹೋಗೋ!” ಎಂದ ನನ್ನವನ ತೊಡೆಗೆ ನಿನ್ನವನ ಹುಲ್ಲೆತ್ತುವ ಕವೆಗೋಲು ಇಳಿಯಿತು. ಇವನು ಅವನ ಹಲ್ಲು ಉದುರಿಸಿದ. ಬಿಡಿಸಲು ಬಂದ ಪಾದ್ರಿಯೂ ಒದೆ ತಿಂದರು. ನಾನು ಜಪಮಾಲೆ ಹಿಡಿದು ನಿಂತಿದ್ದೆ. ಬೆಳಿಗ್ಗೆ ಇದೇ ಬದುವಿನ ಜಗಳದಲ್ಲಿ ನಿನ್ನ ಕಣ್ಣಿಗೆ ಬಿದ್ದ ಕಲ್ಲನ್ನು ಬೀಸಿದ್ದೂ ನನ್ನ ಅದೇ ಕೈ.

ಸಂಜೆ ನಿನ್ನ ಹಸುಗಳು ಕೆಚ್ಚಲು ಬಿಗಿದು ಕೂಗುತ್ತಿದ್ದವು. ಮೂವತ್ತು ವರ್ಷ ಬದುವಿನ ಸಂದಿಯಲ್ಲಿ ತೂರಿ ಬರುತ್ತಿದ್ದವಳು ಇವತ್ತು ನೇರ ನಡೆದು ಬಂದೆ, ಹಾಲು ಕರೆದೆ. ಮಾತೆ ಮರಿಯಮ್ಮನ ಆಣೆ, ಒಂದೂ ನನ್ನನ್ನು ಒದೆಯಲಿಲ್ಲ.

ಕತೆಲ್