ಕಲ್ಲಿನ ಮೇಲೆ ಸತ್ತ ತಮ್ಮನಿಗೆ

ಟಿಲ್ಡನ್ ಮಿಲ್ಸ್, ವರ್ಮಾಂಟ್
ಜನವರಿ 13, 2024

ತಮ್ಮ ಲೈಲ್‌ಗೆ, ಅಣ್ಣ ಆರಿನ್ ಬರೆಯುವುದು.

ಬರೆಯುವುದೆಂದರೆ ನನಗೆ ಮೈ ಉರಿಯುತ್ತದೆ. ಐವತ್ತು ವರ್ಷ ಗೋರಿಕಲ್ಲಿನ ಮೇಲೆ ಊರವರ ಹೆಸರು ಕೆತ್ತಿದವನು ನಾನು. ಒಂದು ಹೆಸರು, ಎರಡು ಇಸವಿ, ಕೆಲಸ ಮುಗಿಯಿತು. ಈ ಕಾಗದ ಹಾಗಲ್ಲ, ಎಷ್ಟು ಬರೆದರೂ ಇನ್ನೂ ಬಾಯಿ ತೆರೆದುಕೊಂಡೇ ಇರುತ್ತದೆ. ಫೋನ್ ಮಾಡೋಣವೆಂದರೆ ಕಲ್ಲು ಕೆತ್ತುವ ಶೆಡ್ಡಿನ ಯಂತ್ರಗಳ ಸದ್ದು ನನ್ನ ಎರಡು ಕಿವಿಯನ್ನೂ ತಿಂದು ಹಾಕಿದೆ. ನಿನ್ನ ವಿಳಾಸ ಕೊಟ್ಟವಳು ದೊಡ್ಡಪ್ಪನ ಮಗಳು ಎಡ್ನಾ. ಅವಳ ಮೇಲೆ ಸಿಟ್ಟಾಗಬೇಡ. ನನ್ನ ಮೇಲೆ ನಲವತ್ತೇಳು ವರ್ಷದಿಂದ ಆಗಿಯೇ ಇದ್ದೀಯ, ಅದನ್ನೇ ಮುಂದುವರಿಸು.

ವಿಷಯ ಇಷ್ಟು. ನೀನು ಸತ್ತಿದ್ದಕ್ಕೆ ನನ್ನ ಮೊಮ್ಮಗಳಿಗೆ ಬಹುಮಾನ ಬಂದಿದೆ.

ಮೊಮ್ಮಗಳು ಅಂದರೆ ನನ್ನ ಮಗಳು ಗ್ವೆನ್‌ಳ ಮಗಳು, ಫೀಬಿ. ಹದಿನೇಳು ವರ್ಷ. ಸ್ಕೌಟ್. ಈಗ ಹುಡುಗಿಯರನ್ನೂ ಸೇರಿಸಿಕೊಳ್ಳುತ್ತಾರೆ. ಕಳೆದ ಬೇಸಿಗೆಯಲ್ಲಿ ಈಗಲ್ ದರ್ಜೆಗೆ ಏರಿದಳು, ಅದರ ಮೇಲೆ ಇನ್ನೊಂದು ದರ್ಜೆ ಇಲ್ಲ. ಅದಕ್ಕಾಗಿ ಊರಿಗೆ ಉಪಯೋಗವಾಗುವ ಒಂದು ದೊಡ್ಡ ಕೆಲಸ ಮಾಡಬೇಕು. ಇವಳು ಆರಿಸಿಕೊಂಡಿದ್ದು ಗುಡ್ಡದ ಮೇಲಿನ ಸ್ಮಶಾನ. ಪಾಚಿ ಹಿಡಿದ ಅರವತ್ತೆರಡು ಕಲ್ಲು ತೊಳೆದಳು. ತೊಳೆಯುವುದನ್ನು ಕಲಿಸಿದವನು ನಾನೇ. ನೀರು, ಮೆತ್ತಗಿನ ಬ್ರಷ್ಷು, ಬೇರೇನೂ ಬೇಡ. ತಂತಿ ಬ್ರಷ್ ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ. "ಅಜ್ಜಾ, ನಿನ್ನ ಬಾಯಿ ಮಾತ್ರ ಗ್ರಾನೈಟು" ಅಂದಳು.

ಆ ಮೂಲೆಯಿಂದ ಶುರು ಮಾಡು, ಈ ಮೂಲೆಯಿಂದ ಶುರು ಮಾಡು ಎಂದು ಸುತ್ತಾಡಿಸಿ ನಮ್ಮ ಕಲ್ಲನ್ನು ಕೊನೆಗೆ ಉಳಿಸಿದೆ. ಕೊನೆಗೆ ಉಳಿಸಿದರೆ ಕಲ್ಲು ಎದ್ದು ಹೋಗುತ್ತದೆಯೆ? ಅಪ್ಪನ ಹೆಸರು, ಅಮ್ಮನ ಹೆಸರು ತೊಳೆದಳು. ಅದರ ಕೆಳಗೆ ನೀನು ಬಂದೆ. 'ಮಗ ಲೈಲ್, 1951–1970.'

ಮಧ್ಯಾಹ್ನ ಒದ್ದೆ ಕೈಯಲ್ಲೇ ಅಡಿಗೆಮನೆಗೆ ಬಂದಳು. "ಅಜ್ಜಾ, ಲೈಲ್ ಯಾರು? ನಿನ್ನ ತಮ್ಮನಾ? ಹತ್ತೊಂಬತ್ತಕ್ಕೇ? ವಿಯೆಟ್ನಾಮಾ?" ನಾನು ಹುರುಳಿಕಾಯಿ ಸೂಪ್ ಕುಡಿಯುತ್ತಿದ್ದೆ. "ಊಟದ ಹೊತ್ತಲ್ಲಿ ಸತ್ತೋರ ಸುದ್ದಿ ಎತ್ತಬೇಡ" ಅಂದೆ. ಅಷ್ಟೇ ನಾನು ಹೇಳಿದ್ದು. ಅಷ್ಟು ಸಾಕಾಯಿತು. ಮಾರನೆಯ ದಿನ ನಿನ್ನ ಹೆಸರಿನ ಮುಂದೆ ಒಂದು ಪುಟ್ಟ ಬಾವುಟ ನೆಟ್ಟಿದ್ದಳು, ಸೈನಿಕರ ಗೋರಿಗೆ ನೆಡುವಂಥದ್ದು.

ಇಷ್ಟಕ್ಕೇ ನಿಂತಿದ್ದರೆ ನಾನು ಬಾಯಿ ಮುಚ್ಚಿಕೊಂಡು ಸಾಯುತ್ತಿದ್ದೆ. ಆದರೆ ಇಲ್ಲೊಂದು ಸಂಘವಿದೆ. ಇಂಗ್ಲೆಂಡಿನ ರಾಜನ ವಿರುದ್ಧ ಹೊಡೆದಾಡಿದವರ ವಂಶಸ್ಥರು ಎಂದುಕೊಳ್ಳುವವರು. ಮೂರು ಮೂಲೆಯ ಟೋಪಿ ಹಾಕಿಕೊಂಡು, ಹಳೆಯ ಬಂದೂಕು ಹೆಗಲಿಗೇರಿಸಿ ಮೆರವಣಿಗೆ ಹೋಗುತ್ತಾರೆ. ಈಗಲ್ ದರ್ಜೆಯ ಸ್ಕೌಟುಗಳಿಗೆ ಕಾಲೇಜಿನ ವಿದ್ಯಾರ್ಥಿವೇತನ ಕೊಡುತ್ತಾರೆ. ಅರ್ಜಿಗೆ ನಾಲ್ಕು ತಲೆಮಾರಿನ ಹೆಸರು, ಇಸವಿ ಬೇಕು. ನಮ್ಮ ಅಪ್ಪ ಅಮ್ಮನ ಇಸವಿಗೂ ಅದೇ ಕಲ್ಲು ಸಾಕ್ಷಿ. ಜೊತೆಗೆ ಐನೂರು ಪದದ ದೇಶಭಕ್ತಿಯ ಪ್ರಬಂಧ. ಅವಳು ಬರೆದದ್ದು ನಿನ್ನ ಮೇಲೆ.

ಓದಿದೆ. ಚೆನ್ನಾಗಿ ಬರೆದಿದ್ದಾಳೆ, ಅದೇ ನನ್ನ ಕರ್ಮ. ಗ್ರಂಥಾಲಯದ ಮುಂದಿನ ಯುದ್ಧಸ್ಮಾರಕದಲ್ಲಿ ಒಂಬತ್ತು ಹೆಸರಿವೆ, ನನ್ನ ಅಜ್ಜನ ತಮ್ಮನ ಹೆಸರಿಲ್ಲ, ಅವನನ್ನು ಮರೆತವರು ಯಾರು ಎಂದು ಇಡೀ ಊರನ್ನೇ ನಿಲ್ಲಿಸಿ ಕೇಳಿದ್ದಾಳೆ. ಜಿಲ್ಲೆಗೆ ಮೊದಲ ಸ್ಥಾನ. ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಚರ್ಚಿನ ಸಭಾಂಗಣದಲ್ಲಿ ವಾಷಿಂಗ್ಟನ್ ಹುಟ್ಟುಹಬ್ಬದ ಊಟ. ಹಂದಿಮಾಂಸ, ಚೆರ್ರಿ ಪೈ, ಮಧ್ಯೆ ಇವಳು ಎದ್ದು ನಿಂತು ಅದನ್ನು ಓದಬೇಕು. ಓದುವ ಮೊದಲು ಇದರಲ್ಲಿರುವುದೆಲ್ಲ ನಿಜ ಎಂದು ಸ್ಕೌಟಿನ ಮಾತು ಕೊಟ್ಟು ಸಹಿ ಹಾಕಬೇಕು.

ಮೊನ್ನೆ ಆ ಸಂಘದ ಅಧ್ಯಕ್ಷ ಮನೆಗೇ ಬಂದ. ವಿಪಲ್ ಎಂದು, ನಿವೃತ್ತ ಹಲ್ಲಿನ ಡಾಕ್ಟರು, ಕನೆಕ್ಟಿಕಟ್ ಕಡೆಯಿಂದ ಬಂದು ನೆಲೆಸಿದವನು. ಊರಿನ ಹಳೆಯ ಸಂಗತಿ ಒಂದೂ ಗೊತ್ತಿಲ್ಲ, ಗೊತ್ತಿದ್ದ ಹಳಬರಲ್ಲಿ ಹೆಚ್ಚಿನವರು ಗುಡ್ಡದ ಮೇಲಿದ್ದಾರೆ. ಕೂರು ಎನ್ನುವ ಮೊದಲೇ ಕೂತ. "ಆರಿನ್ ಅವರೇ, ಸ್ಮಾರಕದ ಮೇಲೆ ನಿಮ್ಮ ತಮ್ಮನ ಹೆಸರು ಸೇರಿಸೋಣ ಅಂತ ತೀರ್ಮಾನ ಆಗಿದೆ. ಕೆತ್ತೋರು ನೀವೇ ಆಗಬೇಕು. ಅಣ್ಣನ ಕೈಯಿಂದ!" ಎಂದು ಕಣ್ಣು ಒರೆಸಿಕೊಂಡ.

"ಸೈನ್ಯದ ದಾಖಲೆ ನೋಡಿದ್ರಾ?" ಅಂದೆ.

"ಬರೆದಿದ್ದೀವಿ. ಉತ್ತರ ಬರೋಕೆ ತಿಂಗಳುಗಟ್ಟಲೆ ಆಗತ್ತಂತೆ. ಕಲ್ಲೇ ಇದೆಯಲ್ಲ ಸ್ವಾಮಿ, ಕಲ್ಲು ಸುಳ್ಳು ಹೇಳತ್ತಾ?"

ಬೆನ್ನು ನೋವು ಎಂದು ಹೇಳಿ ಕಳಿಸಿದೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಅಂದಿನಿಂದ ಕೂತಿದ್ದೇನೆ.

ಕಲ್ಲು ಸುಳ್ಳು ಹೇಳಿದ್ದು ಹೇಗೆಂದು ನಿನಗೆ ಪೂರ್ತಿ ಗೊತ್ತಿಲ್ಲ. ಕೇಳು. ಎಪ್ಪತ್ತರ ಜುಲೈನಲ್ಲಿ ಸೈನ್ಯದವರು ಚೀಟಿ ಎತ್ತಿದಾಗ ನಿನ್ನ ಹುಟ್ಟುದಿನ ಮೊದಲಲ್ಲೇ ಬಂತು, ನೀನು ಉತ್ತರದ ಬಸ್ಸು ಹತ್ತಿ ಕೆನಡಾಕ್ಕೆ ಹೋದೆ. ನನ್ನನ್ನು ಕಿವಿ ಸರಿಯಿಲ್ಲವೆಂದು ಅವರೇ ಬಿಟ್ಟಿದ್ದರು. ನಾನೂ ಹೋಗಲಿಲ್ಲ, ನೀನೂ ಹೋಗಲಿಲ್ಲ, ಹೇಡಿ ಎನಿಸಿಕೊಂಡವನು ನೀನೊಬ್ಬನೇ. ಮರುವರ್ಷ ಮಾರ್ಚಿನಲ್ಲಿ ಅಮ್ಮ ಹೋದಳು, ನಿನ್ನನ್ನು ಕೇಳುತ್ತಲೇ ಹೋದಳು. ಅಪ್ಪ ಒಂದು ಚೀಟಿ ಹಿಡಿದು ಶೆಡ್ಡಿಗೆ ಬಂದ. ಎರಡು ಹೆಸರಿತ್ತು. ಇವನು ಬದುಕಿದ್ದಾನಲ್ಲಪ್ಪ ಎಂದೆ. "ನನ್ನ ಮನೇಲಿ ಬದುಕಿಲ್ಲ. ಕೆತ್ತು" ಅಂದ. ನನಗೆ ಇಪ್ಪತ್ತಮೂರು. ಅವನ ಮನೆ, ಅವನ ಅನ್ನ, ಅವನೇ ಕೈ ಹಿಡಿದು ಕಲಿಸಿದ ಉಳಿ. ಕೆತ್ತಿದೆ.

ಎಪ್ಪತ್ತೇಳರಲ್ಲಿ ಸರ್ಕಾರ ನಿಮಗೆಲ್ಲ ಕ್ಷಮೆ ಕೊಟ್ಟಿತು. ನೀನು ಬಂದೆ. ಮೊದಲು ಅಮ್ಮನನ್ನು ನೋಡಲು ಗುಡ್ಡ ಹತ್ತಿದೆ, ಅಲ್ಲಿಂದ ಹಾಗೇ ತಿರುಗಿ ಹೋದೆ. ನಾನು ಒಲೆಯ ಮೇಲೆ ಮಾಂಸ ಇಟ್ಟು ಕಾಯುತ್ತಿದ್ದೆ. ವಾರದ ಮೇಲೆ ನಿನ್ನ ಅಂಚೆಕಾರ್ಡು ಬಂತು: 'ನನ್ನ ಕಲ್ಲು ನೋಡಿದೆ. ಚೆನ್ನಾಗಿದೆ. ಏಳರ ಬಾಲ ನೋಡಿ ಕೈ ನಿನ್ನದೇ ಅಂತ ಗೊತ್ತಾಯಿತು.' ಅದಕ್ಕೆ ಏನು ಉತ್ತರ ಬರೆಯಬೇಕಿತ್ತು? ಎಂಟನೆಯ ತರಗತಿ ಬಿಟ್ಟವನಿಗೆ ಅಂಥ ಉತ್ತರ ಯಾರು ಕಲಿಸುತ್ತಾರೆ? ಬರೆಯಲಿಲ್ಲ. ಗ್ವೆನ್ ಹುಟ್ಟಿ ದೊಡ್ಡವಳಾದಳು, ಚಿಕ್ಕಪ್ಪ ಸತ್ತವನೆಂದು ನಂಬಿದಳು. ನಂಬಿದರೆ ನಂಬಲಿ ಎಂದು ಬಿಟ್ಟೆ.

ಈಗ ಅನುಭವಿಸುತ್ತಿದ್ದೇನೆ. ನಾನು ಸುಮ್ಮನಿದ್ದರೆ ಆ ಮಗು ಇನ್ನೂರು ಜನರ ಎದುರು ಗೊತ್ತಿಲ್ಲದೆ ಸುಳ್ಳಿಗೆ ಮಾತು ಕೊಡುತ್ತದೆ. ಹೇಳಿದೆನೋ, ಆ ಗಳಿಗೆಯಲ್ಲೇ ಬಹುಮಾನ ಹಿಂದಕ್ಕೆ ಕೊಡುತ್ತದೆ. ಬೇಡ ಎಂದು ಕಾಲಿಗೆ ಬಿದ್ದರೂ ನಿಲ್ಲುವವಳಲ್ಲ. ಕಾಲೇಜಿನಲ್ಲಿ ಅರಣ್ಯಶಾಸ್ತ್ರ ಓದಬೇಕೆಂದು ಕುಣಿಯುತ್ತಿದ್ದಾಳೆ. ಗ್ವೆನ್ ಒಬ್ಬಳೇ ಆಸ್ಪತ್ರೆಯ ಬಟ್ಟೆ ಒಗೆದು ಸಾಕಿದವಳು, ಆ ಹಣದ ಮೇಲೆ ಎಷ್ಟು ಆಸೆ ಇಟ್ಟಿದ್ದಾಳೆಂದು ನನಗೆ ಗೊತ್ತು. ಅದೆಲ್ಲ ನನ್ನ ಉಳಿಯಿಂದ ಹಾಳಾಗಬೇಕು.

ಆದರೂ ಹೇಳುತ್ತೇನೆ. ಫೆಬ್ರವರಿ ಹನ್ನೊಂದು ಭಾನುವಾರ, ಚರ್ಚು ಮುಗಿದ ಮೇಲೆ, ಅದೇ ಕಲ್ಲಿನ ಮುಂದೆ ನಿಲ್ಲಿಸಿ ಹೇಳುತ್ತೇನೆ. ಅದಕ್ಕೆ ನಿನ್ನ ಅಪ್ಪಣೆ ಕೇಳುತ್ತಿಲ್ಲ. ಸ್ಮಾರಕದ ಮೇಲೂ ಕೆತ್ತುವುದಿಲ್ಲ. ಒಬ್ಬನೇ ಮನುಷ್ಯನನ್ನು ಎಷ್ಟು ಸಲ ಕೊಲ್ಲಲಿ?

ನಾನು ಕೇಳುತ್ತಿರುವುದು ಅವಳ ಮುಂದಿನ ಪ್ರಶ್ನೆಗೆ ಉತ್ತರ. "ಹಾಗಾದ್ರೆ ಎಲ್ಲಿದ್ದಾರೆ ಅವರು?" ಅನ್ನುತ್ತಾಳೆ. ನಾನು ಬಾಯಿ ಮುಚ್ಚುವ ಮೊದಲೇ ಬೂಟು ಕಟ್ಟಿಕೊಂಡಿರುತ್ತಾಳೆ. ನೀನಿರುವ ಕ್ವಿಬೆಕ್ ಎಂದರೆ ಎರಡು ಗಂಟೆಯ ದಾರಿ. ನಿನ್ನ ವಿಳಾಸ ಕೊಡಲೋ ಬೇಡವೋ? ಸತ್ತವನಾಗಿಯೇ ಇರುತ್ತೇನೆಂದರೆ ಅದು ನಿನ್ನ ಹಕ್ಕು, ಕೊಟ್ಟವನು ನಾನೇ. ಆದರೆ ಹಾಗೆಂದು ಬರೆದು ಹೇಳು. ವ್ಯಂಗ್ಯದ ಅಂಚೆಕಾರ್ಡು ಬೇಡ. ಹೌದು ಅಥವಾ ಇಲ್ಲ, ಅಷ್ಟೇ. ಫೆಬ್ರವರಿ ಹತ್ತನೆಯ ತಾರೀಕಿನ ಅಂಚೆಯೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ಅಣ್ಣ,
ಆರಿನ್

ಮಡಿಸುವ ಮೊದಲು ಇನ್ನೊಂದು ಮಾತು. ಏಳರ ಬಾಲ ನೋಡಿದವನು ಅದರ ಆಳ ನೋಡಲಿಲ್ಲ. ನಿನ್ನ ಹೆಸರನ್ನು, ಹುಟ್ಟಿದ ಇಸವಿಯನ್ನು ಕಾಲು ಅಂಗುಲ ಇಳಿಸಿದ್ದೇನೆ. 1970 ಮಾತ್ರ ಕಲ್ಲಿನ ಚರ್ಮದ ಮೇಲಿದೆ. ಅರ್ಧ ದಿನ ಉಜ್ಜಿದರೆ ಹೋಗುತ್ತದೆ. ಕಲ್ಲನ್ನು ಲಾರಿಗೆ ಏರಿಸುವ ಮೊದಲು ಅಪ್ಪ ಬಂದು ಹೆಬ್ಬೆರಳಿನಲ್ಲಿ ಸವರಿ ನೋಡಿದ. ಮೂವತ್ತು ವರ್ಷ ಕಲ್ಲು ಕೆತ್ತಿದ ಹೆಬ್ಬೆರಳು. "ಇಷ್ಟೇನಾ ಆಳ?" ಎಂದ. ಕಲ್ಲು ಗಟ್ಟಿ ಎಂದೆ. 1970ರ ಸೊನ್ನೆಯ ಸುತ್ತ ಹೆಬ್ಬೆರಳನ್ನು ಇನ್ನೊಮ್ಮೆ ಆಡಿಸಿದ. "ಸಾಕು ಬಿಡು" ಎಂದು ಲಾರಿಯವನನ್ನು ಕರೆಯಲು ಹೋದ. ಹತ್ತನೆಯ ತಾರೀಕು, ಲೈಲ್.