ತೆರೆಯದೆ ಓದಿದ ಮೇಲ್‌ಗಳು

ಅಕ್ಕಾ,

ಇಷ್ಟು ವರ್ಷ ನೀನು ಕಳಿಸಿದ ಒಂದೊಂದು ಮೇಲನ್ನೂ ನಾನು ಓದಿದ್ದೇನೆ. ಒಂದನ್ನೂ ತೆರೆದಿಲ್ಲ.

ಹುಬ್ಬು ಗಂಟಿಕ್ಕಬೇಡ, ಹೇಳುತ್ತೇನೆ. ಈ ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ ನನ್ನ ಕೆಲಸವೇ ಅದು. ಯಾರಿಗಾದರೂ ಅನುಮಾನದ ಮೇಲ್ ಬಂದರೆ ಮುಟ್ಟದೆ ನನಗೆ ದಾಟಿಸುತ್ತಾರೆ. ನಾನೂ ತೆರೆಯುವುದಿಲ್ಲ. ಚಿತ್ರಗಳು ಬಾರದಂತೆ ತಡೆದು, ಲಿಂಕುಗಳು ಕೆಲಸ ಮಾಡದಂತೆ ಮಾಡಿ, ಒಳಗಿರುವುದನ್ನು ಬರೀ ಅಕ್ಷರಗಳಾಗಿ ನೋಡುತ್ತೇನೆ. ನಿಜಕ್ಕೂ ಎಲ್ಲಿಂದ ಹೊರಟಿದೆ, ಒತ್ತಿದರೆ ಎಲ್ಲಿಗೆ ಒಯ್ಯುತ್ತದೆ, ಎಲ್ಲ ಕಾಣುತ್ತದೆ. ಕಳಿಸಿದವರಿಗೆ ಮಾತ್ರ ಸುಳಿವು ಸಿಗುವುದಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ನೀನೋ, ಶಾಲೆಯ ಆಫೀಸಿನಲ್ಲಿ ಕೂತು ಕೂತು ಅದೇ ಅಭ್ಯಾಸವಾಗಿ, ಪ್ರತಿ ಮೇಲಿಗೂ 'ಓದಿದ ಕೂಡಲೇ ತಿಳಿಸಿ' ಎಂಬ ಗುರುತು ಹಾಕುವವಳು. ತೆರೆದು ಒಂದು ಗುಂಡಿ ತಪ್ಪಿ ಒತ್ತಿದರೂ ನಿನಗೆ ಗೊತ್ತಾಗುತ್ತಿತ್ತು. ಗೊತ್ತಾಗಬಾರದೆಂಬುದೇ ನನ್ನ ಹಟ, ಅದಕ್ಕೇ ನಿನ್ನವನ್ನೂ ಹೀಗೇ ಓದಿದೆ.

ಅಮ್ಮ ಹಾಸಿಗೆ ಹಿಡಿದದ್ದನ್ನು ನೀನು ನನಗೆ ಹೇಳಲಿಲ್ಲ. ಹಾಸ್ಟೆಲಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದು, ಅವಳ ಮಂಚವನ್ನು ಗೋಡೆಗೆ ಒರಗಿಸಿ ನೆಲ ತೊಳೆದಾಗಿತ್ತು. "ಪರೀಕ್ಷೆ ಮುಗೀಲಿ ಅಂತ ಸುಮ್ನಿದ್ದೆ ಕಣೇ" ಅಂದೆ. ಅವತ್ತು ನಿನ್ನ ಜೊತೆ ಮಾತು ಬಿಟ್ಟೆ. ಆದರೂ ನಿನ್ನ ಮಗಳಿಗೆ ಹಲ್ಲು ಬಂದದ್ದು, ಭಾವನಿಗೆ ವರ್ಗವಾದದ್ದು, ಹಿತ್ತಿಲ ಬಾಗಿಲು ಉಬ್ಬಿ ಮುಚ್ಚಲಾಗದೆ ನೀನು ಅದನ್ನು ಒದ್ದು ಕಾಲು ನೋಯಿಸಿಕೊಂಡದ್ದು, ಎಲ್ಲ ಗೊತ್ತು. ಒಬ್ಬಳೇ ನಕ್ಕಿದ್ದೇನೆ. ಅತ್ತೂ ಇದ್ದೇನೆ.

ಇವತ್ತು ಬೆಳಿಗ್ಗೆ ಬಂದ ನಿನ್ನ ಮೇಲ್‌ನ ತಲೆಬರಹ, 'ಇದನ್ನಾದ್ರೂ ತೆಗಿಯೇ ಮೊಂಡಿ.' 'ತುರ್ತು, ಈಗಲೇ ತೆರೆಯಿರಿ' ಎನ್ನುವುದನ್ನೇ ಮೊದಲು ಅನುಮಾನಿಸಿ ಎಂದು ಊರಿಗೆಲ್ಲ ಪಾಠ ಹೇಳುವವಳು ನಾನು. ಎಂದಿನಂತೆ ತೆರೆಯದೆ ನೋಡಿದೆ. ಒಳಗೆ ಎರಡೇ ಸಾಲು.

"ಅಮ್ಮನ ಕಾಯಿಲೆ ನಂಗೂ ಬಂದಿದೆ ಕಣೇ. ಈ ಸಲ ನಿಂಗೇ ಮೊದ್ಲು ಹೇಳ್ತಿದೀನಿ, ನಿಮ್ ಭಾವಂಗೂ ಇನ್ನೂ ಹೇಳಿಲ್ಲ."

ಅಷ್ಟು ಕಾಲ ಸಾಕಿದ ಸಿಟ್ಟು ಎಲ್ಲಿ ಹೋಯಿತೋ ತಿಳಿಯದು. ಆ ಮೇಲನ್ನು ಎಲ್ಲರಂತೆ ತೆರೆದೆ. ಓದಿದ್ದನ್ನು ಕಳಿಸಿದವರಿಗೆ ತಿಳಿಸಲೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದೆ. ಹಳೆಯವನ್ನೂ ಒಂದೊಂದಾಗಿ ತೆರೆದು, ಎಲ್ಲಕ್ಕೂ ಹೌದು ಒತ್ತಿದೆ. ನಿನ್ನ ಪರದೆ ಈಗ ತುಂಬಿಹೋಗಿರಬೇಕು. ಗಾಬರಿಯಾಗಬೇಡ, ಅದೆಲ್ಲ ನಾನೇ.

ಸಂಜೆಯ ಬಸ್ಸಿಗೆ ಹೊರಡುತ್ತೇನೆ. ಭಾವನಿಗೆ ಇಬ್ಬರೂ ಕೂತು ಹೇಳೋಣ. ಅಲ್ಲಿಯವರೆಗೆ ಧೈರ್ಯವಾಗಿರು, ಬಾಗಿಲಿಗೆ ಚಿಲಕ ಹಾಕಬೇಡ.

ನನ್ನ ಆಯಸ್ಸೂ ನಿನಗೆ ಸೇರಲಿ.

ನಿನ್ನ,
ಮೊಂಡಿ